ಅರ್ಧ ಪಾನಕ ಕುಡಿದವರು ಯಾರು?

ಆಂಧ್ರದ ಮಂಗಳಗಿರಿಯ ಬೆಟ್ಟದ ಮೇಲಿರುವ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಅರ್ಚಕರು ಶಂಖದಲ್ಲಿ ತುಂಬಿಕೊಂಡು ದೇವರ ತೆರೆದ ಬಾಯಿಗೆ ಹೊಯ್ಯುತ್ತಾರೆ. ಒಳಗಿನಿಂದ ಗುಟುಕರಿಸಿದ ಸದ್ದು ಕೇಳುತ್ತದೆ. ಸದ್ದು ನಿಂತಿತೆಂದರೆ ಅರ್ಧ ಮುಗಿಯಿತು ಎಂದು ಲೆಕ್ಕ, ಉಳಿದರ್ಧ ತಂದವರಿಗೆ ಪ್ರಸಾದ. ಚೊಂಬು ತಂದರೂ ಅರ್ಧ, ಬಿಂದಿಗೆ ತಂದರೂ ಅರ್ಧ ಎಂಬುದು ಆ ಊರಿನವರ ನಂಬಿಕೆ. ಅಷ್ಟು ಬೆಲ್ಲದ ನೀರು ಚೆಲ್ಲಿದರೂ ಅಲ್ಲಿ ಇರುವೆ ಸುಳಿಯುವುದಿಲ್ಲ ಅಂತಲೂ ಹೇಳುತ್ತಾರೆ.

ಈ ದೇವರು ನನಗೆ ನೆನಪಾದದ್ದು ಒಂದು ಕಂಪ್ಯೂಟರ್ ರಿಪೇರಿಯ ನಡುವೆ.

ನನ್ನ ಅಕ್ಕನ ಮಗಳು ಬಳ್ಳಾರಿಯವಳು, ಮದುವೆಯಾಗಿ ಸೇರಿದ್ದು ಮಂಗಳಗಿರಿಗೆ. ಗಂಡನಿಗೆ ಅಲ್ಲಿನ ಏಮ್ಸ್ ಆಸ್ಪತ್ರೆಯಲ್ಲಿ ಕೆಲಸ. ಇವಳು ಮನೆಯಲ್ಲೇ ಕೂತು ನಾಲ್ಕಾರು ಕೈಮಗ್ಗದ ಸೀರೆ ವ್ಯಾಪಾರಿಗಳ ಟ್ಯಾಲಿ ಲೆಕ್ಕ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಾಳೆ. 2021ರ ಮಾರ್ಚ್‌ನಲ್ಲಿ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತು. ವಿಜಯವಾಡದ ಒಂದು ಅಂಗಡಿಯಲ್ಲಿ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಇಂಟೆಲ್ ಐ5-10400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಲೆಕ್ಕ ಬರೆಯುವ ಕೆಲಸಕ್ಕೆ ಧಾರಾಳವಾಯಿತು. ಮಾರನೆಯ ದಿನ ಫೋನು.

"ಮಾಮಾ, ಏನೂ ಓಪನ್ ಮಾಡಿಲ್ಲ, ಸುಮ್ನೆ ಕುಂತೈತೆ. ಆದ್ರೂ ಫ್ಯಾನು ಬಡ್ಕಂತಾನೇ ಐತೆ. ಸಿಪಿಯು ನೂರು ಅಂತ ತೋರಿಸ್ತೈತೆ. ಈ ಊರಾಗ ಗಾಳಿಗೋಪುರ ಐತಲ್ಲ, ಈಗ ಅದು ನಮ್ಮನೆ ಟೇಬಲ್ ಮೇಲೇ ಬಂದು ಕುಂತಂಗೈತೆ."

ಮಾತಿನಲ್ಲಿ ಅವಳು ಮೊದಲಿಂದಲೂ ಚೂಟಿ. ಮಂಗಳಗಿರಿಯ ಕೆಳಗಿನ ದೇವಸ್ಥಾನಕ್ಕೆ ಹನ್ನೊಂದು ಅಂತಸ್ತಿನ, 153 ಅಡಿಯ ಗಾಲಿಗೋಪುರವಿದೆ. ವಾಸಿರೆಡ್ಡಿ ವೆಂಕಟಾದ್ರಿ ನಾಯುಡು 1807ರಿಂದ 1809ರ ನಡುವೆ ಕಟ್ಟಿಸಿದ್ದು. ತೆಲುಗಿನಲ್ಲಿ ಅದು ನಿಜವಾದ ಗೋಪುರದ ಹೆಸರು. ನಮ್ಮ ಕನ್ನಡದಲ್ಲಿ ಗಾಳಿಗೋಪುರ ಎಂದರೆ ಏನೆಂದು ನಿಮಗೆ ಗೊತ್ತು. ಅವಳ ಸಿಪಿಯು ನೂರು ಈ ಎರಡರಲ್ಲಿ ಯಾವುದು ಎಂಬುದೇ ಮುಂದಿನ ನಾಲ್ಕು ದಿನದ ಪ್ರಶ್ನೆಯಾಯಿತು.

ಮೊದಲು ಆ ನೂರು ಏನು ಹೇಳುತ್ತದೆ ನೋಡೋಣ. ಜ್ವರದ ಹಾಗೆ ಅದು ಉಷ್ಣತೆಯ ಅಳತೆಯಲ್ಲ. ಪ್ರೊಸೆಸರ್‌ಗೆ ಅರ್ಧಂಬರ್ಧ ಕೆಲಸ ಮಾಡುವುದು ಬರುವುದಿಲ್ಲ. ಯಾವುದೇ ಕ್ಷಣದಲ್ಲಿ ಅದರ ಒಂದೊಂದು ದಾರಿಯೂ ಒಂದೋ ದುಡಿಯುತ್ತಿರುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಕಳೆದ ಒಂದು ಸೆಕೆಂಡಿನಲ್ಲಿ ಎಷ್ಟು ಹೊತ್ತು ದುಡಿಯಿತು ಎಂಬ ಹಾಜರಿ ಲೆಕ್ಕವೇ ನಮಗೆ ಕಾಣುವ ಶೇಕಡಾ. ಐ5-10400ರಲ್ಲಿ ಆರು ಕೋರ್, ಒಂದೊಂದಕ್ಕೆ ಎರಡರಂತೆ ಹನ್ನೆರಡು ದಾರಿ, ಅಂದರೆ ಥ್ರೆಡ್. ಕಾಣುವುದು ಹನ್ನೆರಡರ ಸರಾಸರಿ. ಹೀಗಾಗಿ ಯಾವುದೋ ಒಂದು ಪ್ರೋಗ್ರಾಮ್ ತಲೆಕೆಟ್ಟು ಒಂದೇ ದಾರಿಯಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರೆ ಈ ಯಂತ್ರದಲ್ಲಿ ಕಾಣುವುದು ಬರೀ 8.3. ನಾಲ್ಕೇ ದಾರಿಯ ಹಳೆಯ ಯಂತ್ರದಲ್ಲಿ ಅದೇ ಕಾಯಿಲೆ 25 ಎಂದು ಕಾಣುತ್ತದೆ. ಎಂಟರ ಯಂತ್ರದಲ್ಲಿ ಯಾವಾಗ ನೋಡಿದರೂ ಹನ್ನೆರಡೂವರೆಯ ಆಸುಪಾಸಿನಲ್ಲೇ ನಿಂತಿದ್ದರೆ ನನಗೆ ನೂರಕ್ಕಿಂತ ಅದರ ಮೇಲೆಯೇ ಹೆಚ್ಚು ಅನುಮಾನ.

ನೂರು ಕಂಡ ಕೂಡಲೇ ಗಾಬರಿಯಾಗುವ ಅಗತ್ಯವೂ ಇಲ್ಲ. ದೊಡ್ಡ ವಿಡಿಯೊ ಕುಗ್ಗಿಸುವಾಗ ನೂರು ಮುಟ್ಟಲೇಬೇಕು. ಹಾಗೆ ಮುಟ್ಟದಿದ್ದರೆ ಕೊಟ್ಟ ದುಡ್ಡು ದಂಡ. ಅಂಕಿಯ ಬದಲು ನಾನು ನೋಡುವುದು ಗ್ರಾಫಿನ ಆಕಾರ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತಿದ್ದರೆ ಯಾರೋ ಒಂದು ಕೆಲಸ ಹಿಡಿದಿದ್ದಾರೆ, ಮುಗಿಸಿ ಹೋಗುತ್ತಾರೆ. ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದರೆ ಅವರು ಹೋಗುವವರಲ್ಲ. ಗರಗಸವೋ ಗೋಡೆಯೋ ಎಂದು ಅವಳನ್ನು ಕೇಳಿದೆ. "ಗರಗಸ" ಅಂದಳು.

ಹಾಗಾದರೆ ಒಂದು ದಿನ ಬಿಡು ಅಂದೆ.

ಹೊಸ ಕಂಪ್ಯೂಟರಿನ ಮೊದಲ ಒಂದೆರಡು ದಿನ ಗೃಹಪ್ರವೇಶದ ಮನೆಯಿದ್ದ ಹಾಗೆ. ಒಡತಿ ಸುಮ್ಮನೆ ಕೂತಿದ್ದರೂ ಒಳಗೆ ಹತ್ತು ಜನ ಓಡಾಡುತ್ತಿರುತ್ತಾರೆ. ಹಳೆಯ ಯಂತ್ರದಿಂದ ತಂದು ಸುರಿದ ಸಾವಿರಾರು ಫೈಲುಗಳನ್ನು ಹುಡುಕಲು ಸುಲಭವಾಗಲಿ ಎಂದು ಸರ್ಚ್ ಇಂಡೆಕ್ಸರ್ ಒಂದೊಂದನ್ನೇ ಬಿಚ್ಚಿ ಓದಿ ಪಟ್ಟಿ ಬರೆಯುತ್ತದೆ. ಅದು ಬಿಚ್ಚಿದ್ದನ್ನೆಲ್ಲ ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್ ಎಂಬ ಕಾವಲುಗಾರ ಮತ್ತೊಮ್ಮೆ ಮೂಸಿ ನೋಡುತ್ತಾನೆ. ತಿಂಗಳುಗಟ್ಟಲೆ ಬಾಕಿಯಿದ್ದ ಅಪ್‌ಡೇಟ್‌ಗಳು ಇಳಿಯುತ್ತವೆ. ಅವನ್ನು ಕೂರಿಸುವ ಕೆಲಸ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್‌ನದು, ಹೆಸರಿನಷ್ಟೇ ಉದ್ದ ಅದರ ಕೆಲಸ. ಒನ್‌ಡ್ರೈವ್ ತನ್ನ ಪಾಡಿಗೆ ಫೋಟೊ ಹೊರುತ್ತಿರುತ್ತದೆ. ಇವಕ್ಕೆಲ್ಲ ಮದ್ದು ಒಂದೇ. ಒಂದು ರಾತ್ರಿ ಯಂತ್ರ ಮಲಗದಂತೆ ಸೆಟ್ಟಿಂಗ್ ಮಾಡಿ, ಇಂಟರ್‌ನೆಟ್ ಬಿಟ್ಟು, ಮುಟ್ಟದೆ ಹೋಗಿ ಮಲಗುವುದು. ನಮ್ಮಲ್ಲಿ ಎಷ್ಟೋ ಜನ ರಾತ್ರಿ ಯುಪಿಎಸ್ ಸಮೇತ ಆರಿಸಿಬಿಡುತ್ತಾರೆ, ಬೆಳಿಗ್ಗೆ ಆನ್ ಮಾಡಿದರೆ ಅರ್ಧಕ್ಕೆ ನಿಂತ ಕೆಲಸ ಮತ್ತೆ ಶುರು. ತಿಂಗಳಾದರೂ ಗೃಹಪ್ರವೇಶ ಮುಗಿಯುವುದಿಲ್ಲ.

ಮಾರನೆಯ ದಿನ ಅವಳೇ ಒಬ್ಬ ಕಳ್ಳನನ್ನು ಹಿಡಿದಿದ್ದಳು. "ಮಾಮಾ, ಸಿಸ್ಟಮ್ ಐಡಲ್ ಪ್ರೊಸೆಸ್ ಅಂತ ಒಬ್ಬ 94 ತಿಂತಾನೆ. ಎಂಡ್ ಟಾಸ್ಕ್ ಒತ್ತಿದ್ರೂ ಸಾಯಲ್ಲ." ಈ ಬಡಪಾಯಿಯ ಮೇಲೆ ಎಷ್ಟು ಜನ ಹೀಗೆ ಹರಿಹಾಯ್ದಿದ್ದಾರೋ! ಅವನು ಯಾರ ಗಂಟನ್ನೂ ತಿಂದವನಲ್ಲ. ಪ್ರೊಸೆಸರ್ ಖಾಲಿ ಕೂತ ಹೊತ್ತನ್ನು ಯಾರದೋ ಹೆಸರಿಗೆ ಬರೆಯಬೇಕಲ್ಲ, ಅದಕ್ಕೆ ಇಟ್ಟ ಖಾತೆ ಅದು. ಅಲ್ಲಿ 94 ಇದ್ದರೆ ನೂರರಲ್ಲಿ ತೊಂಬತ್ನಾಲ್ಕು ಪಾಲು ಹೊತ್ತು ಯಂತ್ರ ಕೈಕಟ್ಟಿ ಕೂತಿತ್ತು ಎಂದರ್ಥ. ಲೆಕ್ಕ ಬರೆಯುವವಳಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಾಗಲಿಲ್ಲ. "ಓ, ಬ್ಯಾಲೆನ್ಸಿಂಗ್ ಎಂಟ್ರಿನಾ" ಅಂದಳು.

ಆದರೆ ಅವಳು ಹೇಳಿದ ಆ 94 ಫೋನಿಟ್ಟ ಮೇಲೆ ನನ್ನನ್ನು ಕೊರೆಯತೊಡಗಿತು. ಐಡಲ್ 94 ಇದ್ದರೆ ಯಂತ್ರ ನೆಮ್ಮದಿಯಾಗಿರಬೇಕು, ಫ್ಯಾನು ಯಾಕೆ ಹಾಗೆ ಬಡಿದುಕೊಳ್ಳುತ್ತದೆ? ಮತ್ತೆ ಫೋನ್ ಮಾಡಿದೆ. ಅವಳು ಹೇಳಿದ್ದು ಇನ್ನೂ ವಿಚಿತ್ರವಾಗಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ಹತ್ತು ಹದಿನೈದು ಸೆಕೆಂಡಿಗೆ ಫ್ಯಾನು ತಣ್ಣಗಾಗುತ್ತದೆ. ಮುಚ್ಚಿ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಶುರು. ಮೇಷ್ಟ್ರು ಬಂದ ಕೂಡಲೇ ಸದ್ದಡಗುವ ತರಗತಿಯ ಹಾಗೆ.

ಅದಕ್ಕೆ ಹೋಗುವ ಮೊದಲು ಹೊಸ ಯಂತ್ರದ ಇನ್ನೆರಡು ನಿರಪರಾಧಿ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಒಂದು, ಗ್ರಾಫಿಕ್ಸ್ ಡ್ರೈವರ್. ಜೋಡಿಸಿದ ಕಂಪ್ಯೂಟರಿನಲ್ಲಿ ಇದನ್ನು ಹಾಕಲು ಮರೆಯುವುದು ಅಪರೂಪವಲ್ಲ. ಡಿವೈಸ್ ಮ್ಯಾನೇಜರ್‌ನ ಡಿಸ್‌ಪ್ಲೇ ಅಡಾಪ್ಟರ್ ಸಾಲಿನಲ್ಲಿ ಮೈಕ್ರೊಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿದ್ದರೆ ಅದೇ ಸುಳಿವು. ಚಿತ್ರ ಬಿಡಿಸುವವನು ರಜೆಯಲ್ಲಿದ್ದಾನೆ, ಅವನ ಕೆಲಸವನ್ನೂ ಪ್ರೊಸೆಸರೇ ಹೊತ್ತಿದೆ. ಯೂಟ್ಯೂಬ್‌ನಲ್ಲಿ ಒಂದು ಹಾಡು ಹಾಕಿದರೆ ಸಾಕು, ಗೆರೆ ಮೇಲಕ್ಕೆ ಜಿಗಿಯುತ್ತದೆ. ಅವಳದರಲ್ಲಿ ಡ್ರೈವರ್ ಸರಿಯಾಗಿತ್ತು.

ಇನ್ನೊಂದು ಬಿಸಿ. ಮಾರ್ಚ್ ಬಂತೆಂದರೆ ಕೃಷ್ಣಾ ದಂಡೆಯಲ್ಲಿ ಸೆಖೆ ಶುರು. ಯಾವ ಫ್ಯಾನೂ ಪ್ರೊಸೆಸರನ್ನು ಕೋಣೆಯ ಬಿಸಿಗಿಂತ ಕೆಳಗಿಳಿಸಲಾರದು. ಅದು ಮಾಡುವುದು ಕೋಣೆಯ ಗಾಳಿಯನ್ನೇ ಬೀಸುವುದು. ಈ ಪ್ರೊಸೆಸರಿನ ಡಬ್ಬಿಯಲ್ಲಿ ಬರುವ ಕೂಲರ್‌ಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಮೊಳೆ. ಒಂದೊಂದನ್ನೂ ಒತ್ತಿದಾಗ ಟಕ್ ಎನ್ನಬೇಕು. ಒಂದು ಟಕ್ ಎನ್ನದಿದ್ದರೆ ಅಥವಾ ಆಟೋದ ಕುಲುಕಾಟಕ್ಕೆ ಸಡಿಲವಾದರೆ ಕೂಲರ್ ಒಂದು ಕಡೆ ಎದ್ದು, ಕೆಳಗಿನ ಬಿಸಿ ಮೇಲಕ್ಕೆ ದಾಟುವುದಿಲ್ಲ. ನೂರು ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ರೊಸೆಸರ್ ತನ್ನ ಪ್ರಾಣ ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಎರಡು ನಿಮಿಷದ ಕೆಲಸ ಐದು ನಿಮಿಷ ಎಳೆಯುತ್ತದೆ. ಪರ್ಫಾರ್ಮೆನ್ಸ್ ಪುಟದ ಸ್ಪೀಡ್ ಎಂಬ ಅಂಕಿ ನೋಡಿದರೆ ಇದು ತಿಳಿಯುತ್ತದೆ: ಕೆಲಸದ ಒತ್ತಡ ಇರುವಾಗಲೂ ಅದು ಮೂಲ ವೇಗವಾದ 2.90 ಗಿಗಾಹರ್ಟ್ಸ್‌ಗಿಂತ ಕೆಳಗೇ ಬಿದ್ದಿದ್ದರೆ ಪಕ್ಕದ ಬಾಗಿಲು ಬಿಚ್ಚಿ ಮೊಳೆ ನೋಡಬೇಕು. ಅವಳು ಬಿಚ್ಚಿ ನೋಡಿದಳು. ನಾಲ್ಕೂ ಬಿಗಿಯಾಗಿದ್ದವು. ಬೆರಳಿಗೆ ಒಂದಿಷ್ಟು ಧೂಳೂ ಹತ್ತಲಿಲ್ಲ, ಹೊಸದಲ್ಲವೇ.

ಈಗ ಆ ಸದ್ದಡಗುವ ತರಗತಿಯ ವಿಷಯ. ಕಂಡ ಕೂಡಲೇ ನಿಲ್ಲುವ ಕೆಲಸಗಾರರು ಎರಡು ಬಗೆ. ಮೊದಲ ಬಗೆಯವರು ಮರ್ಯಾದಸ್ಥರು. ಇಂಡೆಕ್ಸಿಂಗ್, ಆಟೊಮ್ಯಾಟಿಕ್ ಮೇಂಟೆನೆನ್ಸ್ ಮುಂತಾದ ವಿಂಡೋಸ್‌ನ ಮನೆಗೆಲಸಗಳು ಒಡೆಯ ಎದ್ದುಹೋದಾಗ ಶುರುವಾಗುತ್ತವೆ, ಅವನು ಬಂದು ಮೌಸ್ ಅಲುಗಿಸಿದರೆ ಬದಿಗೆ ಸರಿದು ನಿಲ್ಲುತ್ತವೆ. ಎರಡನೆಯ ಬಗೆಯವರಿಗೆ ಮೌಸಿನ ಹೆದರಿಕೆ ಇಲ್ಲ, ಅವರು ಹೆದರುವುದು ಪೊಲೀಸರಿಗೆ. ಟಾಸ್ಕ್ ಮ್ಯಾನೇಜರ್ ಓಡಲು ಶುರುವಾಯಿತೇ ಎಂದು ಸದಾ ಕಿವಿಗೊಟ್ಟಿದ್ದು, ಶುರುವಾದ ತಕ್ಷಣ ನಿಲ್ಲುತ್ತಾರೆ. ಈ ಎರಡನ್ನು ಬೇರ್ಪಡಿಸುವ ಪರೀಕ್ಷೆಗೆ ಕಾಸು ಖರ್ಚಿಲ್ಲ. ಫ್ಯಾನು ಬಡಿದುಕೊಳ್ಳುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆಯದೆ, ನೋಟ್‌ಪ್ಯಾಡ್‌ನಲ್ಲಿ ಎರಡು ಮೂರು ನಿಮಿಷ ಏನಾದರೂ ಟೈಪ್ ಮಾಡುತ್ತ ಕೂರುವುದು. ಸದ್ದು ಇಳಿದರೆ ಮನೆಯವರೇ. ಇಳಿಯದೆ, ಟಾಸ್ಕ್ ಮ್ಯಾನೇಜರ್ ತೆರೆದಾಗ ಮಾತ್ರ ಇಳಿದರೆ ಹೊರಗಿನವರು. ಒಂದು ಎಚ್ಚರಿಕೆ: ಟಾಸ್ಕ್ ಮ್ಯಾನೇಜರ್ ತೆರೆಯುವುದಕ್ಕೂ ಪ್ರೊಸೆಸರ್ ದುಡಿಯಬೇಕು, ಹಾಗಾಗಿ ತೆರೆದ ಕ್ಷಣ ಗೆರೆ ಒಮ್ಮೆ ಜಿಗಿಯುವುದು ಎಲ್ಲ ಯಂತ್ರದಲ್ಲೂ ಇದ್ದದ್ದೇ.

ಅವಳು ನೋಟ್‌ಪ್ಯಾಡ್‌ನಲ್ಲಿ ಶ್ರೀರಾಮ ಜಯರಾಮ ಬರೆಯುತ್ತ ಕೂತಳು. ಮೂರು ನಿಮಿಷವಾದರೂ ಫ್ಯಾನು ನಿಲ್ಲಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದಳು, ನಿಂತಿತು.

ಟಾಸ್ಕ್ ಮ್ಯಾನೇಜರ್ ವಿಂಡೋಸ್‌ಗೆ ಬಂದದ್ದು 1996ರ ಎನ್‌ಟಿ 4.0 ಜೊತೆಗೆ. ಬರೆದವರು ಮೈಕ್ರೊಸಾಫ್ಟ್‌ನಲ್ಲಿದ್ದ ಡೇವ್ ಪ್ಲಮರ್. ಅಲ್ಲಿಂದೀಚೆಗೆ ಅದು ಎಷ್ಟು ಪರಿಚಿತವಾಗಿದೆಯೆಂದರೆ ಕಳ್ಳರಿಗೂ ಅದರ ಮುಖ ಗೊತ್ತು. ಕಡಿಮೆ ಜನ ಬಳಸುವ ಇನ್ನೊಂದು ಕಿಟಕಿ ವಿಂಡೋಸ್‌ನಲ್ಲೇ ಇದೆ, ರಿಸೋರ್ಸ್ ಮಾನಿಟರ್. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ಇದರ ಸಿಪಿಯು ಪುಟದಲ್ಲಿ ಆವರೇಜ್ ಸಿಪಿಯು ಎಂಬ ಕಾಲಮ್ ಇದೆ. ಈ ಕ್ಷಣದ ಮುಖ ನೋಡಿ ಮೋಸಹೋಗುವ ಬದಲು ಕಳೆದ ಒಂದು ನಿಮಿಷದ ಸರಾಸರಿ ಅಲ್ಲಿ ಸಿಗುತ್ತದೆ. ಅದರ ತಲೆಯ ಮೇಲೆ ಒತ್ತಿದರೆ ಹೆಚ್ಚು ತಿಂದವರು ಮೇಲೆ ಬರುತ್ತಾರೆ.

ಮೇಲೆ ಬಂದ ಹೆಸರು ಎಸ್‌ವಿಸಿ ಹೋಸ್ಟ್. ಇದು ವಿಂಡೋಸ್‌ನ ಸ್ವಂತ ಹೆಸರು. ಯಾವ ಯಂತ್ರದಲ್ಲಿ ನೋಡಿದರೂ ಹತ್ತಾರು ಎಸ್‌ವಿಸಿ ಹೋಸ್ಟ್‌ಗಳು ಇದ್ದೇ ಇರುತ್ತವೆ, ಹಿನ್ನೆಲೆಯ ಸೇವೆಗಳನ್ನೆಲ್ಲ ಹೊತ್ತು ನಡೆಸುವುದು ಅವೇ. ಅಡಗಿಕೊಳ್ಳುವವನಿಗೆ ಜಾತ್ರೆಗಿಂತ ಒಳ್ಳೆಯ ಜಾಗ ಬೇಕೇ? ಆದರೆ ರಿಸೋರ್ಸ್ ಮಾನಿಟರ್‌ನಲ್ಲಿ ಅಸಲಿ ಎಸ್‌ವಿಸಿ ಹೋಸ್ಟ್‌ನ ಮುಂದೆ ಆವರಣದಲ್ಲಿ ಅದು ಯಾವ ಗುಂಪಿನದು ಎಂದು ಬರೆದಿರುತ್ತದೆ, ಮನೆತನದ ಹೆಸರಿನ ಹಾಗೆ. "ಎಲ್ಲದಕ್ಕೂ ಬ್ರ್ಯಾಕೆಟ್ ಐತೆ ಮಾಮಾ, ಮೇಲಿಂದಕ್ಕೆ ಇಲ್ಲ" ಅಂದಳು. ಆವರೇಜ್ ಎಷ್ಟು ಅಂದೆ.

"ನಲವತ್ತೊಂಬತ್ತು ಪಾಯಿಂಟ್ ಎಂಟು. ಈಗ ಐವತ್ತು. ಮತ್ತೆ ನಲವತ್ತೊಂಬತ್ತು ಪಾಯಿಂಟ್ ಒಂಬತ್ತು."

ಗೋಡೆ ಸಿಕ್ಕಿತು. ಸರಿಯಾಗಿ ಅರ್ಧ. ಪಾನಕಾಲ ಸ್ವಾಮಿ ನನಗೆ ನೆನಪಾದದ್ದು ಆ ಗಳಿಗೆಯಲ್ಲಿ.

ಅರ್ಧವೇ ಯಾಕೆ? ಇದಕ್ಕೆ ಉತ್ತರ ಕಳ್ಳನ ಕಸುಬಿನಲ್ಲಿದೆ. ಹೀಗೆ ಬೇರೆಯವರ ಯಂತ್ರದಲ್ಲಿ ಸದ್ದಿಲ್ಲದೆ ಸೇರಿಕೊಳ್ಳುವ ಪ್ರೋಗ್ರಾಮ್‌ಗಳಲ್ಲಿ ಬಹುಪಾಲು ಮೊನೆರೊ ಎಂಬ ಡಿಜಿಟಲ್ ಹಣವನ್ನು ಗಣಿ ತೋಡುತ್ತವೆ. ಬಿಟ್‌ಕಾಯಿನ್ ತೋಡಲು ಅದಕ್ಕೆಂದೇ ಮಾಡಿದ ದುಬಾರಿ ಯಂತ್ರ ಬೇಕು. ಮೊನೆರೊ ಹಾಗಲ್ಲ, 2019ರ ನವೆಂಬರಿನಿಂದ ಅದು ಬಳಸುವ ರ‍್ಯಾಂಡಮ್‌ಎಕ್ಸ್ ಎಂಬ ಲೆಕ್ಕ ನಮ್ಮ ನಿಮ್ಮ ಸಾಮಾನ್ಯ ಪ್ರೊಸೆಸರಿಗೇ ಒಗ್ಗುವಂತೆ ಹೊಲಿದದ್ದು. ಆ ಲೆಕ್ಕ ಚುರುಕಾಗಿ ಸಾಗಲು ಒಂದೊಂದು ಥ್ರೆಡ್‌ಗೆ 2 ಎಂಬಿ ಕ್ಯಾಶ್ ಬೇಕು. ಕ್ಯಾಶ್ ಎಂದರೆ ಪ್ರೊಸೆಸರಿನ ಮಗ್ಗುಲಲ್ಲೇ ಇರುವ ಪುಟ್ಟ, ಚುರುಕು ನೆನಪಿನ ಚೀಲ, ಅಡಿಗೆಯವನ ಕೈಗೆಟಕುವ ಸಾಸಿವೆ ಡಬ್ಬಿಯ ಹಾಗೆ. ಐ5-10400ರಲ್ಲಿ ಆ ಚೀಲ 12 ಎಂಬಿ. ಹನ್ನೆರಡನ್ನು ಎರಡರಿಂದ ಭಾಗಿಸಿದರೆ ಆರು. ಹನ್ನೆರಡು ಥ್ರೆಡ್‌ನಲ್ಲಿ ಆರನ್ನು ಹಿಡಿದರೆ ಸರಿಯಾಗಿ ಅರ್ಧ. ಅದಕ್ಕಿಂತ ಹೆಚ್ಚು ಹಿಡಿದರೆ ಅವನಿಗೇ ಲಾಭವಿಲ್ಲ, ಚೀಲ ಸಾಲದೆ ಎಲ್ಲವೂ ನಿಧಾನವಾಗುತ್ತದೆ. ದೇವರಿಗೂ ಕಳ್ಳನಿಗೂ ಒಂದೇ ಲೆಕ್ಕ ಹೇಗೆ ಬಂತು ಎಂದು ಅವಳು ಕೇಳಿದಳು. ದೇವರು ಎದುರಿಗೇ ಕುಡಿಯುತ್ತಾನೆ, ಅಷ್ಟೇ ವ್ಯತ್ಯಾಸ ಅಂದೆ.

ಇಲ್ಲೊಂದು ಸಣ್ಣ ಗೊಂದಲವನ್ನು ಬಿಡಿಸಬೇಕು. ಅರ್ಧ ತಿನ್ನುವ ಇದೇ ಪ್ರೋಗ್ರಾಮ್ ಟಾಸ್ಕ್ ಮ್ಯಾನೇಜರ್‌ನ ಮೊದಲ ಪುಟದಲ್ಲಿ ಸಿಕ್ಕಿಬಿದ್ದಿದ್ದರೆ 50ರ ಬದಲು 69ರ ಹತ್ತಿರ ತೋರಿಸುತ್ತಿತ್ತು. ವಿಂಡೋಸ್ 8ರಿಂದೀಚೆಗೆ ಆ ಪುಟ ಬರೀ ಹೊತ್ತನ್ನು ಲೆಕ್ಕ ಹಾಕುತ್ತಿರಲಿಲ್ಲ, ವೇಗವನ್ನೂ ಗುಣಿಸುತ್ತಿತ್ತು. 2.9 ಗಿಗಾಹರ್ಟ್ಸ್ ಮೂಲ ವೇಗದ ಪ್ರೊಸೆಸರ್ ಟರ್ಬೊದಲ್ಲಿ 4.0ರಲ್ಲಿ ಓಡುತ್ತಿದ್ದರೆ ಐವತ್ತು ಅರವತ್ತೊಂಬತ್ತಾಗಿ ಕಾಣುತ್ತಿತ್ತು. ಎಪ್ಪತ್ತೆರಡೂವರೆಯಷ್ಟೇ ದುಡಿದವನೂ ನೂರು ಎನಿಸಿಕೊಳ್ಳುತ್ತಿದ್ದ. ಡೀಟೇಲ್ಸ್ ಪುಟ ಮಾತ್ರ ಹಳೆಯ ಹಾಜರಿ ಲೆಕ್ಕವನ್ನೇ ಹಿಡಿದಿತ್ತು. ಒಂದೇ ಕಿಟಕಿಯ ಎರಡು ಪುಟದಲ್ಲಿ ಎರಡು ಉತ್ತರ! ಜನ ತಲೆಕೆರೆದುಕೊಂಡದ್ದು ಸುಳ್ಳಲ್ಲ. 2025ರಲ್ಲಿ ವಿಂಡೋಸ್ 11ರ ಅಪ್‌ಡೇಟ್‌ಗಳಲ್ಲಿ ಮೈಕ್ರೊಸಾಫ್ಟ್ ಎರಡನ್ನೂ ಒಂದೇ ಅಳತೆಗೆ ತರಲು ಹೊರಟಿತು.

ಕಳ್ಳನನ್ನು ಹಿಡಿಯುವ ಸಂದರ್ಭ ನನಗೆ ಈಗಲೂ ಖುಷಿ ಕೊಡುತ್ತದೆ. ಅವನು ಯಾವ ಫೋಲ್ಡರಿನಲ್ಲಿ ಮನೆ ಮಾಡಿದ್ದಾನೆ ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್ ಬೇಕು. ಅದನ್ನು ತೆರೆದರೆ ಓಡಿಹೋಗುತ್ತಾನೆ. ರಿಸೋರ್ಸ್ ಮಾನಿಟರ್‌ನಲ್ಲಿ ಹೆಸರಿನ ಮೇಲೆ ಬಲಗುಂಡಿ ಒತ್ತಿದರೆ ಕೊಲ್ಲುವುದರ ಜೊತೆಗೆ ಇನ್ನೊಂದು ಆಯ್ಕೆಯೂ ಇದೆ, ಸಸ್ಪೆಂಡ್ ಪ್ರೊಸೆಸ್. ಸ್ತಂಭನ ಮಂತ್ರ ಅನ್ನಿ. ಇದ್ದಲ್ಲೇ ಕಲ್ಲಾಗಿ ನಿಲ್ಲುತ್ತಾನೆ, ಪೊಲೀಸರು ಬಂದದ್ದು ಅವನಿಗೆ ತಿಳಿಯುವುದೇ ಇಲ್ಲ. ಅವಳು ಸಸ್ಪೆಂಡ್ ಒತ್ತಿದಳು. ಫ್ಯಾನು ನಿಧಾನವಾಗಿ ಇಳಿಯಿತು. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು, ಕಲ್ಲಾಗಿ ನಿಂತಿದ್ದವನನ್ನು ಡೀಟೇಲ್ಸ್ ಪುಟದಲ್ಲಿ ಹುಡುಕಿ, ಓಪನ್ ಫೈಲ್ ಲೊಕೇಶನ್ ಒತ್ತಿದಳು. ಅಸಲಿ ಎಸ್‌ವಿಸಿ ಹೋಸ್ಟ್ ಇರಬೇಕಾದದ್ದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರಿನಲ್ಲಿ. ಇವನಿದ್ದದ್ದು ಪ್ರೋಗ್ರಾಮ್‌ಡೇಟಾದ ಒಳಗೆ, ಅರ್ಥವಿಲ್ಲದ ಅಕ್ಷರಗಳ ಒಂದು ಫೋಲ್ಡರಿನಲ್ಲಿ.

"ಹಾಗಿದ್ರೆ ಆ್ಯಂಟಿವೈರಸ್ ಏನ್ ಮಾಡ್ತಿತ್ತು ಮಾಮಾ?" ನ್ಯಾಯವಾದ ಪ್ರಶ್ನೆ. ವಿಂಡೋಸ್ ಸೆಕ್ಯುರಿಟಿಯ ಒಳಗೆ ಎಕ್ಸ್‌ಕ್ಲೂಶನ್ಸ್ ಎಂಬ ಪಟ್ಟಿ ಇರುತ್ತದೆ, ಇಲ್ಲಿಗೆ ಕಾವಲುಗಾರ ಕಾಲಿಡುವ ಹಾಗಿಲ್ಲ ಎಂಬ ಪಟ್ಟಿ. ಹೊಸ ಯಂತ್ರದಲ್ಲಿ ಅದು ಖಾಲಿ ಇರಬೇಕು. ಅವಳದರಲ್ಲಿ ಎರಡು ಸಾಲಿತ್ತು. ಒಂದು ಆ ಫೋಲ್ಡರ್. ಇನ್ನೊಂದು ಆ್ಯಕ್ಟಿವೇಟರ್‌ನ ಫೋಲ್ಡರ್.

ಆಗ ಕಥೆಯೆಲ್ಲ ತಾನಾಗಿ ಬಿಚ್ಚಿಕೊಂಡಿತು. ಅಂಗಡಿಯ ಹುಡುಗ ವಿಂಡೋಸ್ ಹಾಕಿಕೊಟ್ಟಿದ್ದ, ಲೈಸೆನ್ಸ್‌ಗೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಬೆಂಗಳೂರಿನಿಂದ ವಿಜಯವಾಡದವರೆಗೆ ಜೋಡಿಸಿದ ಕಂಪ್ಯೂಟರ್ ಕೊಂಡವರಿಗೆಲ್ಲ ಈ ಉಚಿತ ಸೇವೆ ಗೊತ್ತಿರುತ್ತದೆ. ಲೈಸೆನ್ಸ್ ಇಲ್ಲದ ವಿಂಡೋಸ್‌ಗೆ ಇದೆ ಎಂದು ನಂಬಿಸುವ, ಆ್ಯಕ್ಟಿವೇಟರ್ ಎಂಬ ಒಂದು ಪುಟ್ಟ ಪ್ರೋಗ್ರಾಮ್ ಓಡಿಸುತ್ತಾರೆ. ಅದನ್ನು ಓಡಿಸುವ ಮೊದಲು ಆ್ಯಂಟಿವೈರಸ್ ಆರಿಸಿ ಎಂದು ಅದೇ ಹೇಳುತ್ತದೆ, ಎಲ್ಲರೂ ಆರಿಸುತ್ತಾರೆ. ಕಾವಲುಗಾರನನ್ನು ಕಾಫಿಗೆ ಕಳಿಸಿ ಬಾಗಿಲು ತೆರೆದಿಟ್ಟ ಮೇಲೆ ಒಬ್ಬರೇ ಒಳಬಂದರೋ ಇಬ್ಬರೋ ಎಣಿಸುವವರು ಯಾರು? ಹುಡುಗನಿಗೆ ಗಣಿಯ ವಿಷಯ ಗೊತ್ತಿತ್ತು ಎಂದು ನನಗನ್ನಿಸುವುದಿಲ್ಲ. ಒಂದೇ ಪೆನ್‌ಡ್ರೈವ್‌ನಿಂದ ಊರಿಗೆಲ್ಲ ಹಾಕಿಕೊಡುತ್ತಿದ್ದ, ಪೆನ್‌ಡ್ರೈವ್‌ನಲ್ಲಿ ಏನಿದೆ ಎಂದು ಅವನೂ ನೋಡಿರಲಾರ.

ಇದರಿಂದ ಕಳ್ಳನಿಗೆ ಸಿಗುವುದು ಬಹಳವೇನಲ್ಲ. ನಮಗೆ ಆಗುವ ಖರ್ಚಿನ ಲೆಕ್ಕ ಸುಲಭ: ಯಂತ್ರ ಸುಮ್ಮನಿರುವಾಗಿನದಕ್ಕಿಂತ 50 ವಾಟ್ ಹೆಚ್ಚು ಎಳೆಯುತ್ತದೆ ಎಂದುಕೊಳ್ಳಿ, ಇಪ್ಪತ್ತನಾಲ್ಕು ಗಂಟೆ ಹಚ್ಚಿಟ್ಟರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಒಂದು ಯಂತ್ರದಿಂದ ಅವನಿಗೆ ಸಿಗುವ ಸಂಪಾದನೆ ಚಿಕ್ಕದು. ಆದರೆ ಕರೆಂಟು ಅವನದಲ್ಲವಲ್ಲ. ಸಾವಿರ ಮನೆಯಲ್ಲಿ ಹೀಗೆ ಕೂತರೆ ಕಸುಬು ನಡೆಯುತ್ತದೆ.

ಆಂಧ್ರಕ್ಕೆ ಈ ಕಸುಬು ಹೊಸದೂ ಅಲ್ಲ. 2018ರ ಸೆಪ್ಟೆಂಬರಿನಲ್ಲಿ ಭದ್ರತಾ ಸಂಶೋಧಕರು ಭಾರತದ ನೂರಾರು ಜಾಲತಾಣಗಳಲ್ಲಿ ಗಣಿಯ ಸಾಲುಗಳು ಅಡಗಿರುವುದನ್ನು ಬಯಲಿಗೆಳೆದರು. ಆ ಪಟ್ಟಿಯಲ್ಲಿ ಆಂಧ್ರದ ಪೌರಾಡಳಿತ ನಿರ್ದೇಶನಾಲಯ, ತಿರುಪತಿ ನಗರಪಾಲಿಕೆ, ಮಾಚರ್ಲ ಪುರಸಭೆಗಳ ತಾಣಗಳಿದ್ದವು. ಮಾಚರ್ಲ ಆಗ ಮಂಗಳಗಿರಿ ಇದ್ದ ಗುಂಟೂರು ಜಿಲ್ಲೆಯದೇ. ಪುರಸಭೆಯ ಪುಟ ತೆರೆದು ಕೂತವನ ಪ್ರೊಸೆಸರ್, ಆ ಪುಟ ತೆರೆದಿರುವಷ್ಟು ಹೊತ್ತೂ ಗುರುತುಪರಿಚಯವಿಲ್ಲದ ಯಾರಿಗೋ ಮೊನೆರೊ ತೋಡಿಕೊಡುತ್ತಿತ್ತು. ಅದಕ್ಕೆ ಬಳಸಿದ್ದು ಕಾಯಿನ್‌ಹೈವ್ ಎಂಬ ಸೇವೆ. 2017ರ ಸೆಪ್ಟೆಂಬರಿನಲ್ಲಿ ಶುರುವಾಗಿ 2019ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ತೋಡಿದ್ದರಲ್ಲಿ ನೂರಕ್ಕೆ ಮೂವತ್ತು ಅದರ ದಲ್ಲಾಳಿ ಪಾಲು. ಬ್ರೌಸರಿನ ಗಣಿಗೆ ಮದ್ದು ಸುಲಭವಿತ್ತು, ಆ ಟ್ಯಾಬ್ ಮುಚ್ಚಿದರೆ ಮುಗಿಯಿತು. ಅದಕ್ಕೂ ಕೆಲವರು ಉಪಾಯ ಹುಡುಕಿದ್ದರು. ಪರದೆಯ ಕೆಳಗಿನ ಗಡಿಯಾರದ ಹಿಂದೆ ಸರಿಯಾಗಿ ಅಡಗುವಷ್ಟು ಪುಟ್ಟ ಕಿಟಕಿಯೊಂದನ್ನು ತೆರೆದಿಡುತ್ತಿದ್ದರು, ಬ್ರೌಸರ್ ಮುಚ್ಚಿದೆ ಎಂದು ನೀವು ಅಂದುಕೊಂಡ ಮೇಲೂ ಅದು ಅಲ್ಲಿ ಗುದ್ದಲಿ ಹಾಕುತ್ತಿತ್ತು.

ಮತ್ತೆ ಮಂಗಳಗಿರಿಗೆ. ಆ ಫೋಲ್ಡರ್ ಅಳಿಸಿ ಕೈತೊಳೆದುಕೊಳ್ಳೋಣವೇ ಎಂದು ಅವಳ ಕೇಳಿಕೆ. ಮಾರ್ಚ್ ಮೂವತ್ತೊಂದು ಹತ್ತಿರ ಬಂದಿತ್ತು, ಸೀರೆಯವರು ಫೋನಿನ ಮೇಲೆ ಫೋನು. ನಾನು ಒಪ್ಪಲಿಲ್ಲ. ಅಡ್ಮಿನ್ ಅಧಿಕಾರ ಪಡೆದು ಒಳಗೆ ಬಂದವನು ಗಣಿ ಒಂದನ್ನೇ ತೋಡಿದನೋ, ಬೀರುವಿನ ಬೀಗದ ಅಚ್ಚೂ ತೆಗೆದುಕೊಂಡನೋ ತಿಳಿಯುವ ಬಗೆಯಿಲ್ಲ. ಅವಳ ಯಂತ್ರದಲ್ಲಿ ನಾಲ್ಕಾರು ಜನರ ಜಿಎಸ್‌ಟಿ ಪಾಸ್‌ವರ್ಡ್ ಇತ್ತು. ಮೊದಲು ಗಂಡನ ಫೋನಿನಿಂದ ಆ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಲು ಹೇಳಿದೆ. ಆಮೇಲೆ ಟ್ಯಾಲಿ ಡೇಟಾ ಮಾತ್ರ ಒಂದು ಕಡೆ ನಕಲು ಮಾಡಿಸಿ, ನೆರೆಮನೆಯವರ ಲ್ಯಾಪ್‌ಟಾಪಿನಲ್ಲಿ ಮೈಕ್ರೊಸಾಫ್ಟ್‌ನ ತಾಣದಿಂದಲೇ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ, 8 ಜಿಬಿಯ ಹೊಸ ಪೆನ್‌ಡ್ರೈವ್‌ಗೆ ಹಾಕಿ, ಹಳೆಯ ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿದೆ. ಎಸ್‌ಎಸ್‌ಡಿಯ ಮೇಲೆ ಇದಕ್ಕೆ ಬೇಕಾದದ್ದು ಒಂದು ಗಂಟೆಯೊಳಗೆ. ಲೈಸೆನ್ಸ್‌ಗೆ ದುಡ್ಡು ಕೊಟ್ಟಳು, ಗೊಣಗಿಕೊಂಡೇ. ಅದು ವಿಂಡೋಸ್ 10ರ ಕಾಲ. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಬರುತ್ತಿದ್ದ ಸಾಮಾನ್ಯ ಬೆಂಬಲ ನಿಂತಿದೆ, ಈಗ ಹೊಸದಾಗಿ ಹಾಕುವವರು ಹನ್ನೊಂದನ್ನೇ ಹಾಕಬೇಕು.

ಆ ರಾತ್ರಿ ಮತ್ತೆ ಗೃಹಪ್ರವೇಶ ನಡೆಯಿತು. ಇಂಡೆಕ್ಸರ್ ಬಂತು, ಅಪ್‌ಡೇಟ್ ಬಂತು, ಬೆಳಗಿನ ಜಾವದವರೆಗೆ ಗರಗಸ. ಬೆಳಿಗ್ಗೆ ಎಂಟಕ್ಕೆ ಅವಳು ಒಂದು ಫೋಟೊ ಕಳಿಸಿದಳು: ಸಿಪಿಯು 3, ಸ್ಪೀಡ್ 1.1, ಪಕ್ಕದಲ್ಲಿ ಕಾಫಿ ಲೋಟ. ಎಕ್ಸ್‌ಕ್ಲೂಶನ್ಸ್ ಪಟ್ಟಿ ನೋಡು ಅಂದೆ. ಖಾಲಿ ಅಂದಳು.

ಮೇ ತಿಂಗಳಲ್ಲಿ ಒಂದು ಸಂಜೆ ಫೋನ್ ಮಾಡಿದ್ದಾಗ ಅಳಿಯನ ಕೋವಿಡ್ ಡ್ಯೂಟಿ, ಊರಿನ ಸುದ್ದಿ ಎಲ್ಲ ಮಾತಾಡುತ್ತಿದ್ದೆವು. ಹಿಂದಿನಿಂದ ಆ ಫ್ಯಾನಿನ ಸದ್ದು ನನಗೂ ಕೇಳಿಸಿತು. ಏನದು ಅಂದೆ.

"ನೂರಕ್ಕೆ ಹೋಗೈತೆ ಮಾಮಾ. ಗರಗಸನೇ, ಗೋಡೆ ಅಲ್ಲ. ಹೆಸರು ಆ್ಯಂಟಿಮಾಲ್‌ವೇರ್. ಬ್ರ್ಯಾಕೆಟ್ ಇಲ್ಲದ ಎಸ್‌ವಿಸಿ ಹೋಸ್ಟ್ ಯಾವ್ದೂ ಇಲ್ಲ, ಆಗ್ಲೇ ನೋಡ್ದೆ. ನೀವು ಅಮ್ಮನ ಕಣ್ಣಿನ ಆಪರೇಷನ್ ವಿಷ್ಯ ಹೇಳ್ತಾ ಇದ್ರಿ, ಹೇಳಿ."